ಬದನೆ ಗಿಡಗಳಿಗೆ ಹೊಚ್ಚಿದ ಗಂಜಿ ಬಟ್ಟೆ

ನಮ್ಮ ಹಿತ್ತಲಿನ ಬದನೆ ಗಿಡಗಳನ್ನು ಕೊಂದದ್ದು ಚಳಿಯಲ್ಲ, ನಾನು. ಚಳಿ ಪಾಪ, ಬಂದು ಎರಡು ದಿನವೂ ಆಗಿರಲಿಲ್ಲ.

ಆಗ ಜಮಖಂಡಿ ಸಂಸ್ಥಾನದ ಕಾಲ. ಬನಹಟ್ಟಿಯ ನಮ್ಮ ಮನೆಯಲ್ಲಿ ಎರಡು ಮಗ್ಗ. ಯಜಮಾನರು ನೇಯುತ್ತಿದ್ದರು, ನಾನು ನೂಲಿಗೆ ಗಂಜಿ ಕಾಸುತ್ತಿದ್ದೆ. ಆ ವರ್ಷ ಹಿರಿಯ ಮಗಳನ್ನು ಚಿಮ್ಮಡದ ಒಕ್ಕಲುತನದ ಮನೆಗೆ ಕೊಟ್ಟೆವು. ಮದುವೆಯ ಊಟಕ್ಕೆ ಕೂತಾಗ ಬೀಗತಿ ಎಲ್ಲರ ಮುಂದೆ ಅಂದಳು:

"ನೇಕಾರ ಮನಿ ಮಂದಿಗಿ ನೂಲ ಬಿಟ್ರ ಏನ್ ಗೊತ್ತ? ಹಿತ್ತಲದಾಗ ಒಂದ ಕೊತ್ತಂಬರಿ ಎಲಿ ಸೈತ ಏಳಂಗಿಲ್ಲ."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ಛಟ್ಟಿ ಅಮಾಸಿ ಆದ ಮ್ಯಾಲ ಬರ್ರಿ ಅಕ್ಕಾರ. ನನ್ನ ಹಿತ್ತಲದ ಬದನಿಕಾಯಿ ಎಣ್ಣೆಗಾಯಿ ಉಣಸ್ತೇನಿ. ಉಣಸಲಿಲ್ಲಂದ್ರ ಇನ್ನ ಮುಂದ ನಿಮ್ಮ ಮಾತಿಗಿ ಎದುರಾಡಂಗಿಲ್ಲ."

ಹತ್ತು ಗಿಡ ಹಚ್ಚಿದೆ. ದೀಪಾವಳಿ ಹೊತ್ತಿಗೆ ಹೂ ಬಂತು, ಆಮೇಲೆ ಮಿಡಿ ಬಂತು. ನನಗೆ ಸೊಕ್ಕೂ ಬಂತು.

ದೀಪಾವಳಿ ಆಗಿ ತಿಂಗಳಿಗೆ ಛಟ್ಟಿ ಅಮಾವಾಸ್ಯೆಯೂ ಮುಗಿಯಿತು. ಬೀಗತಿ ಸೋಮವಾರ ಬರುತ್ತಾಳೆಂದು ಸುದ್ದಿ ಮುಟ್ಟಿತು. ಶನಿವಾರ ಸಂಜೆ ತಣ್ಣನೆಯ ಗಾಳಿ ಬೀಸಿದ್ದೇ ನನಗೆ ದಿಗಿಲು. ಮಗ್ಗದ ಮೂಲೆಯಲ್ಲಿ ನೇಯುವಾಗ ಕೆಟ್ಟ ಬಟ್ಟೆ ಬಿದ್ದಿತ್ತು. ಗಂಜಿ ತೊಳೆಯದ ಬಟ್ಟೆ, ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ. ಅದನ್ನೇ ಗಿಡಗಳಿಗೆ ಹೊಚ್ಚಿದರೆ ಕಡ್ಡಿ ನೆಡುವ ಕೆಲಸವೂ ಇಲ್ಲ. ಇಂಥ ಉಪಾಯ ರಾಜರ ತೋಟದ ಮಾಲಿಗೂ ಹೊಳೆದಿರಲಿಕ್ಕಿಲ್ಲ ಅಂದುಕೊಂಡೆ. ಹೊಳೆದಿರಲಿಕ್ಕಿಲ್ಲ, ಖರೆ. ಅವನಿಗೆ ಬುದ್ಧಿ ಇತ್ತು.

ಗೋಡೆಯ ಆಚೆಯಿಂದ ನೆರೆಮನೆಯ ಸಂಗವ್ವ ಇಣುಕಿದಳು.

"ಏನ ಮಾಡಾಕತ್ತೀಬೇ?"

"ಚಳಿ ಬಂತಲ್ಲ, ಗಿಡಕ್ಕ ಹೊಚ್ಚಾಕತ್ತೇನಿ."

"ಬದನಿಗಿಡ ಏನ್ ಬಾಣಂತಿ ಏನ? ನಮ್ಮವು ನೋಡ, ಹಂಗ ನಿಂತಾವ."

"ನಿಮ್ಮನಿಗೆ ಬೀಗತಿ ಬರಾಕತ್ತಿಲ್ಲಲ್ಲ."

ಯಜಮಾನರು ಕಾಲಿಳಿಬಿಟ್ಟು ಕೂತ ಮಗ್ಗದ ಕುಣಿಯಿಂದಲೇ, "ಗಂಜಿನಾರ ತೊಳದು ಹೊಚ್ಚ" ಅಂದರು.

"ಗಂಜಿ ವಿಷಯ ನನಗ ಹೇಳಬ್ಯಾಡ್ರಿ" ಅಂದೆ. ಓಣಿಯಲ್ಲಿ ನನ್ನಷ್ಟು ಗಂಜಿ ಕಾಸಿದವರು ಯಾರಿದ್ದರು?

ಬೆಳಿಗ್ಗೆ ನೋಡಿದರೆ ಮಂಜು ಬಿದ್ದು ಬಟ್ಟೆ ನೆನೆದು ಗಿಡಗಳ ಮೇಲೆ ಕುಸಿದಿತ್ತು. ಬಿಸಿಲಿಗೆ ಒಣಗುತ್ತದೆ ಬಿಡು ಅಂದುಕೊಂಡೆ. ಒಣಗಿತು. ಎಲೆ, ಹೂ, ಮಿಡಿ ಎಲ್ಲವನ್ನೂ ಗಟ್ಟಿಯಾಗಿ ಹಿಡಿದುಕೊಂಡೇ ಒಣಗಿತು. ಮೊದಲನೆಯ ಗಿಡದ ಬಟ್ಟೆ ಜಗ್ಗಿದೆ. ಗಿಡ ಬೋಳಾಗಿ ನಿಂತಿತು.

ಬಟ್ಟೆಯ ಗಂಜಿ ಬಿಡಿಸುವುದು ಹೇಗೆಂದು ಬನಹಟ್ಟಿಯ ಕೂಸಿಗೂ ಗೊತ್ತು. ಬಿಸಿನೀರು. ಹಂಡೆ ತುಂಬ ಕಾಸಿದೆ. ಉಳಿದ ಒಂಬತ್ತು ಗಿಡಕ್ಕೂ ಸಮನಾಗಿ ತಂಬಿಗೆಯಿಂದ ಸುರಿದೆ, ಭೇದ ಮಾಡಲಿಲ್ಲ. ಬಟ್ಟೆ ಬಹಳ ಚೆಂದವಾಗಿ ಕಳಚಿತು. ಸಂಜೆಯ ಹೊತ್ತಿಗೆ ಎಲೆ, ಮಿಡಿಗಳೂ ಕಳಚಿದವು.

ಸಂಗವ್ವ ಗೋಡೆಯ ಮೇಲೆ ಕೈಯೂರಿ ಕೇಳಿದಳು: "ಬಾಣಂತಿಗಿ ನೀರ ಎರದ್ಯಾ?"

ಅವಳ ಹತ್ತಿರ ನಾಲ್ಕು ಕಾಯಿ ಕೇಳಬಹುದಿತ್ತು. ಆ ಮಾತು ಕೇಳಿದ ಮೇಲೆ ಹಂಡೆ ಎತ್ತಿಕೊಂಡು ಒಳಗೆ ನಡೆದೆ.

ಸೋಮವಾರ ಬೀಗತಿ ಚಕ್ಕಡಿಯಿಂದ ಇಳಿದಳು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯ ತುಂಬ ಬದನೆಕಾಯಿ.

"ಇರಲಿ ಅಂತ ತಂದೆ ತಂಗೀ. ನಿಮ್ಮವು ಕಡಿಮಿ ಬಿದ್ರ" ಎಂದು ನನ್ನನ್ನು ದಾಟಿ ನೆಟ್ಟಗೆ ಹಿತ್ತಲಿಗೆ ಹೋದಳು. ಒಂದು ಗಿಡದ ಕಾಂಡವನ್ನು ಬೆರಳಿಂದ ಒತ್ತಿ ನೋಡಿದಳು. ಅದು ಮೆತ್ತಗಾಗಿತ್ತು.

"ಇವಕ್ಕ ಚಳಿ ಹತ್ತಿಲ್ಲ. ಯಾರೋ ಕುದಿಸ್ಯಾರ."

ನಾನು ಎದುರಾಡಲಿಲ್ಲ. ಕೊಟ್ಟ ಮಾತು.

ಅವಳ ಕಾಯಿಯಿಂದಲೇ ಎಣ್ಣೆಗಾಯಿ ಮಾಡಿ ಬಡಿಸಿದೆ. ಮೂರು ಸಲ ಹಾಕಿಸಿಕೊಂಡು ಉಂಡಳು. "ಛಲೋ ಆಗೈತಿ" ಎಂದು ಕೈ ತೊಳೆದವಳು, "ಆಗಲಾರದೇನ, ಕಾಯಿ ಚಿಮ್ಮಡದ್ದು" ಎಂದಳು. ಅದಕ್ಕೂ ಎದುರಾಡಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು, ಬುಟ್ಟಿಯ ತಳದಲ್ಲಿ ಉಳಿದಿದ್ದ ಒಂದು ಬಲಿತ ಹಳದಿ ಬದನೆಕಾಯಿಯನ್ನು ಸೀಳಿ ಬೀಜ ತೆಗೆದೆ. ಮುಂದಿನ ವರ್ಷಕ್ಕೆಂದು ಬೂದಿಯಲ್ಲಿ ಕಲಸಿ ಒಣಹಾಕಲು ಹಿತ್ತಲಿಗೆ ಒಯ್ದೆ.

"ಕೆಳಗ ಒಂದ ಬಟ್ಟಿ ಕೊಡಲೇನ, ಹಾಸಾಕ?" ಎಂದು ಮಗ್ಗದ ಕುಣಿಯಿಂದ ದನಿ ಬಂತು.

ಬರಿಗಲ್ಲಿನ ಮೇಲೆ ಹರವಿದೆ.