ನಮ್ಮ ಹಾಲ್‌ನ ಶನಿವಾರಗಳು

ಸ್ಟೇಜ್ ಮೇಲೆ ನಡೆಯುವ ಹಾಸ್ಯಕ್ಕೆ ಕಲಾವಿದರನ್ನು ಹುಡುಕಬೇಕು, ಫೋನ್ ಮಾಡಬೇಕು, ಕಾಫಿ ಕುಡಿಸಬೇಕು. ಸ್ಟೇಜ್ ಕೆಳಗೆ ನಡೆಯುವ ಹಾಸ್ಯಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ, ಅದು ತಾನಾಗಿಯೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ಗುಂಡ್ಲುಪೇಟೆಯ ಈ ಪುಟ್ಟ ಹಾಲ್ ನೋಡಿಕೊಳ್ಳೋಕೆ ಶುರು ಮಾಡಿದ ಮೇಲೆ ನನಗೆ ಹೀಗಾಗದ ವಾರವೇ ಇಲ್ಲ.

ನಾನು ಅಂಗನವಾಡಿ ಟೀಚರ್ ಆಗಿದ್ದು ರಿಟೈರ್ ಆದವಳು. ಊರಿನ ಅರ್ಧ ಜನ ನನ್ನ ಕೈಯಲ್ಲಿ ಮೂಗು ಒರೆಸಿಸಿಕೊಂಡವರೇ. ಹಾಗಾಗಿ ಯಾರಿಗೂ ಹೆದರುವ ಅಭ್ಯಾಸ ನನಗಿಲ್ಲ. ಮನೆಯಲ್ಲಿ ಸುಮ್ಮನೆ ಕೂರೋಕಾಗದೆ, ಶನಿವಾರ ಸಂಜೆ ಜನಪದ ಹಾಡೂ ಇರಬೇಕು, ನಗುವೂ ಇರಬೇಕು ಅಂತ ಹಠ ಹಿಡಿದು ಇದನ್ನು ಶುರು ಮಾಡಿದೆ. ಬರೋ ಶನಿವಾರ ಗೊರವರ ಕುಣಿತ. ಆಚೆ ವಾರ ಸೋಬಾನೆ ಪದ ಹೇಳುವ ಹೆಂಗಸರು. ಅದರಾಚೆ ವಾರ ಒಬ್ಬರು ಮಿಮಿಕ್ರಿಯವರು. ಇಷ್ಟನ್ನು ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನಲ್ಲ, ಕೆಲವು ವಾರಗಳ ಹಿಂದೆ ಈ ಹಾಲೇ ನನ್ನ ಕೈತಪ್ಪಿ ಹೋಗುವುದರಲ್ಲಿತ್ತು.

ಕೆಮ್ಮದ ಪ್ರೇಕ್ಷಕರು

ಹಾಲ್ ಯಜಮಾನರದು. ಯಜಮಾನರು ಅಂದರೆ ಅರಿಶಿನದ ವ್ಯಾಪಾರಸ್ಥರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಕೊಂಕು. ಅವರ ತಂದೆಯವರು ಮದುವೆಗಳಿಗೆಂದು ಕಟ್ಟಿಸಿದ್ದ ಹಾಲ್ ಅದು. ಈಗ ಮದುವೆಯವರೆಲ್ಲ ಹೈವೇ ಪಕ್ಕದ ದೊಡ್ಡ ಕಲ್ಯಾಣ ಮಂಟಪಕ್ಕೆ ಹೋಗುತ್ತಾರೆ. ಖಾಲಿ ಬಿದ್ದಿದೆಯಲ್ಲ ಅಂತ ನನಗೆ ಬಿಟ್ಟುಕೊಟ್ಟಿದ್ದರು.

ಮೊದಮೊದಲು ಜನ ಬರಲಿಲ್ಲ. ಒಂದು ಸಂಜೆ ತತ್ವಪದ ನಡೆಯುತ್ತಿತ್ತು. ಹಾಡುವವರು ನಾಲ್ಕು ಜನ, ಕೇಳುವವರು ಮೂವರು, ಅದರಲ್ಲಿ ಒಬ್ಬಳು ನಾನು. ಯಜಮಾನರು ಬಾಗಿಲಲ್ಲಿ ನಿಂತು ಸಾಲು ಸಾಲು ಖಾಲಿ ಕುರ್ಚಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಟೀಚರಮ್ಮ, ನಿಮ್ ಕುರ್ಚಿಗೋಳು ಬಾಳ ಶ್ರದ್ಧೆಯಿಂದ ಕೇಳ್ತಾವೆ ಕಣಮ್ಮ. ಒಂದಾದ್ರೂ ಕೆಮ್ತಾ ಅದಾ ನೋಡಿ!" ಅಂದರು.

ಕೈ ಮುಗಿದು ಕೇಳಿದ ಜೋಕು

ಬರೀ ಹಾಡು ಬೇಡ, ಜೊತೆಗೆ ಹಾಸ್ಯ ಸೇರಿಸೋಣ ಅಂತ ಚಾಮರಾಜನಗರದಿಂದ ಒಬ್ಬ ಹಾಸ್ಯಗಾರರನ್ನು ಕರೆಸಿದೆ. ವಾರವೆಲ್ಲ ಆಫೀಸಿನಲ್ಲಿ ಗುಮಾಸ್ತರು, ಶನಿವಾರ ಮಾತ್ರ ಹಾಸ್ಯಗಾರರು. ಬಾಯಿ ಬಿಟ್ಟರೆ ಜನ ಬಿದ್ದು ಬಿದ್ದು ನಗುತ್ತಾರೆ ಅಂತ ಹೆಸರು.

ಮೊದಲು ಕಂಸಾಳೆ ಇಟ್ಟೆ, ಆಮೇಲೆ ಹಾಸ್ಯ. ತಪ್ಪಿದ್ದೇ ಅಲ್ಲಿ. ಕಂಸಾಳೆ ಅಂದರೆ ನಮ್ಮ ಕಡೆ ಮಾದಪ್ಪನ ಸೇವೆ. ಬಂದ ಹತ್ತು ಹದಿನೈದು ಜನ ಚಪ್ಪಲಿ ಹೊರಗೆ ಬಿಟ್ಟು, ಹೆಂಗಸರಾದರೆ ತಲೆ ಮೇಲೆ ಸೆರಗು ಹಾಕಿಕೊಂಡು, ಕುರ್ಚಿ ಸರಿಸಿ ನೆಲದ ಮೇಲೆ ಕೂತರು. ಕಂಸಾಳೆಯವರು ಮಂಗಳ ಹಾಡದೆ ಟೀ ಕುಡಿಯೋಕೆ ಎದ್ದು ಹೋಗಿಬಿಟ್ಟರು. ಮಂಗಳ ಆಗಲಿಲ್ಲ ಅಂದರೆ ಮಾದಪ್ಪ ಇನ್ನೂ ಹಾಲ್‌ನಲ್ಲೇ ಇದ್ದಾನೆ ಅಂತ ಲೆಕ್ಕ. ದೇವರ ಮುಂದೆ ಹಲ್ಲು ಬಿಡೋರು ಯಾರು?

ಹಾಸ್ಯಗಾರರು ಅತ್ತೆ ಸೊಸೆ ಜೋಕು ಹೇಳಿದರು. ಎಲ್ಲರೂ ಕೈ ಮುಗಿದರು. ಕುಡುಕನ ಜೋಕು ಹೇಳಿದರು. ಮುಂದೆ ಕೂತ ಅಜ್ಜಿ ಕಣ್ಣು ಮುಚ್ಚಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಪಾಪ, ಆ ಮನುಷ್ಯ ಬೆವರಿ ನೀರಾಗಿ ಕೆಳಗಿಳಿದು ಬಂದರೆ ಅದೇ ಅಜ್ಜಿ ಕಾಲಿಗೆ ಬಿದ್ದು, "ಬಾಳ ಚೆಂದಾಗ್ ಏಳುದ್ರಿ ಸಾಮಿ. ಕಣ್ಣಲ್ಲಿ ನೀರೇ ಬಂದ್ಬುಡ್ತು" ಅಂದಳು.

"ನಂಗೂ ಬಂತು ಕಣಜ್ಜಿ" ಅಂದರು ಹಾಸ್ಯಗಾರರು.

ಯಜಮಾನರು ಇದನ್ನೆಲ್ಲ ನೋಡಿ ಆಡುವಷ್ಟು ಆಡಿಕೊಂಡು, ಕೊನೆಗೆ ಗಂಭೀರವಾಗಿ ಹೇಳಿದರು: "ಟೀಚರಮ್ಮ, ಬರೋ ಶನಿವಾರ ಒಂದು ನೋಡ್ತೀನಿ. ಹಾಲ್ ತುಂಬುದ್ರೆ ಇದು ನಿಮ್ದೇ ಅನ್ಕಳಿ. ತುಂಬ್ಲಿಲ್ಲ ಅಂದ್ರೆ ಅರಿಶಿನದ ಮೂಟೆ ತುಂಬುಸ್ತೀನಿ. ಮೂಟೆ ಚಪ್ಪಾಳೆ ತಟ್ಟಲ್ಲ, ಒಪ್ದೆ. ಆದ್ರೆ ಮಧ್ಯದಲ್ಲಿ ಎದ್ದೂ ಓಗಲ್ಲ."

ಹರವೆಯಲ್ಲಿ ಒಂದು ಗಂಟೆ

ನನಗೆ ಸಿಟ್ಟು ಬಂತು. ಸಂಕಟವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆ ಹಾಲ್ ಹೋದರೆ ಶನಿವಾರ ಅನ್ನೋದೇ ನನ್ನ ಪಾಲಿಗೆ ಇಲ್ಲ. ಆದರೆ ಅಳುತ್ತಾ ಕೂರೋಳು ನಾನಲ್ಲ. ಮಾರನೇ ದಿನವೇ ಬಸ್ ಹತ್ತಿ ಹರವೆ ಕಡೆ ಹೋದೆ. ಅಲ್ಲಿ ತಂಬೂರಿ ಹಿಡಿದು ಮಾದಪ್ಪನ ಕತೆ ಹಾಡುವ ಹಿರಿಯರೊಬ್ಬರಿದ್ದಾರೆ. ಅವರು ಕೂತರೆ ಊರೇ ಕೂರುತ್ತದೆ ಅನ್ನೋ ಮಾತಿದೆ.

ಜಗಲಿ ಮೇಲೆ ಎಲೆಅಡಿಕೆ ಹಾಕುತ್ತಿದ್ದರು. ವಿಷಯ ಹೇಳಿದೆ.

"ಬತ್ತೀನಿ ಬುಡವ್ವ. ಎಷ್ಟ್ ರಾತ್ರಿ ಆಡ್ಬೇಕು?" ಅಂದರು.

"ರಾತ್ರಿ ಅಲ್ಲ ತಾತ, ಸಂಜೆ. ಒಂದು ಗಂಟೆ."

ಅವರು ಅಗಿಯುವುದನ್ನೇ ನಿಲ್ಲಿಸಿದರು. "ಒಂದ್ ಗಂಟೇನಾ? ಒಂದ್ ಗಂಟೇಲಿ ಮಾದಪ್ಪ ಉಟ್ಟೋದೇ ಇಲ್ವಲ್ಲವ್ವ!"

ನಾನೂ ಬಿಡಲಿಲ್ಲ. "ಹುಟ್ಟಿ ಬೆಳೆದ ಮೇಲಿಂದ ಶುರು ಮಾಡಿ ತಾತ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಗನವಾಡಿ ನಡಸ್ದೋಳು ನೀನೇ ಕೂಸು ಬ್ಯಾಡ, ದೊಡ್ಡೋನ್ನೇ ಕೊಡಿ ಅಂದ್ರೆ ಎಂಗವ್ವಾ?" ಅಂದರು.

ಕೊನೆಗೆ ಕತೆಯಲ್ಲಿ ಒಂದು ತುಂಡು ಮಾತ್ರ ಹಾಡೋಕೆ ಒಪ್ಪಿದರು. ಹಾಸ್ಯಗಾರರಿಗೂ ಫೋನ್ ಮಾಡಿ, ಈ ಸಲ ಮಾದಪ್ಪನಿಗಿಂತ ಮೊದಲು ನಿಮ್ಮದೇ ಅಂತ ಆಣೆ ಮಾಡಿ ಒಪ್ಪಿಸಿದೆ.

ಆಟೋದವನ ದನಿ

ಇನ್ನು ಪ್ರಚಾರ. ಮೈಕು ಕಟ್ಟಿದ ಆಟೋ ನಮ್ಮ ಕಡೆ ಇರುವುದು ಒಬ್ಬನ ಹತ್ತಿರ. ಎಲ್ಲಿ ಯಾರು ತೀರಿಕೊಂಡರೂ ಊರೂರಿಗೆ ಸುದ್ದಿ ಮುಟ್ಟಿಸುವವನು ಅವನೇ. ಅದೇ ಅವನ ಕಸುಬು. ಒಳ್ಳೇ ದನಿ, ಎಳೆದು ಎಳೆದು ಹೇಳುತ್ತಾನೆ, ಕೊನೆಯಲ್ಲಿ ಗಂಟಲು ಸ್ವಲ್ಪ ಕಟ್ಟುತ್ತದೆ.

ಬರೆದುಕೊಟ್ಟಿದ್ದನ್ನು ಒಂದಕ್ಷರ ಬಿಡದೆ ಓದಿದ. ಮಾತು ನನ್ನದೇ, ರಾಗ ಮಾತ್ರ ಅವನದು. "ಚಾಮರಾಜನಗರದ... ಸುಪ್ರಸಿದ್ಧ ಹಾಸ್ಯ ಕಲಾವಿದರು... ಇದೇ ಶನಿವಾರ ಸಂಜೆ ಐದೂವರೆಗೆ... ಗುಂಡ್ಲುಪೇಟೆಯ ಹಾಲ್‌ನಲ್ಲಿ... ಅಭಿಮಾನಿಗಳು... ಬಂಧು ಮಿತ್ರರು... ಎಲ್ಲರೂ ಆಗಮಿಸಬೇಕಾಗಿ... ವಿನಂತಿ..." ಹಿಂದೆ ಸಣ್ಣಗೆ ಶಹನಾಯಿ. ನಮ್ಮ ಬೀದಿಯಲ್ಲಿ ಅಂಗಡಿಯವನು ಎದ್ದು ನಿಂತು ಟೋಪಿ ತೆಗೆದ.

ನಾನು ಓಡಿ ಹೋಗಿ ಆಟೋ ನಿಲ್ಲಿಸಿದೆ. "ಏನಪ್ಪಾ ಇದು! ನಗಿಸೋ ಕಾರ್ಯಕ್ರಮ ಕಣೋ. ಒಂಚೂರು ಗೆಲುವಾಗಿ ಹೇಳಬಾರದಾ?"

"ಬೇಗೂರು, ಭೀಮನಬೀಡು ಎಲ್ಲಾ ಇಂಗೇ ಏಳ್ಕಂಡ್ ಬಂದ್ಬುಟ್ಟೆ ಕಣಕ್ಕ. ನೀವ್ ಯೋಚ್ನೆ ಮಾಡ್ಬ್ಯಾಡಿ" ಅಂದ. ಮುಖದಲ್ಲಿ ಎಂಥಾ ಆತ್ಮವಿಶ್ವಾಸ! "ನಾನ್ ಕೂಗುದ್ಮೇಲೆ ಜನ ಬರ್ದೆ ಇರೋದು ಇದುವರ್ಗೂ ಆಗಿಲ್ಲ."

ಎದ್ದು ಬಂದವರು

ಅವನ ಮಾತು ಸುಳ್ಳಾಗಲಿಲ್ಲ. ಶನಿವಾರ ನಾಲ್ಕು ಗಂಟೆಗೇ ಬೇಗೂರಿನ ಬಸ್ಸಿಂದ ಒಂದು ಗುಂಪು ಇಳಿಯಿತು. ಭೀಮನಬೀಡಿನಿಂದ ಟೆಂಪೋ ಮಾಡಿಕೊಂಡೇ ಬಂದಿದ್ದರು. ಗಂಡಸರೆಲ್ಲ ಬಿಳೀ ಪಂಚೆ, ಹೆಂಗಸರ ತಲೆಯಲ್ಲಿ ಒಂದು ಹೂವಿಲ್ಲ, ಕೈಯಲ್ಲಿ ಮಾತ್ರ ಚೆಂಡುಹೂವಿನ ದೊಡ್ಡ ದೊಡ್ಡ ಹಾರ. ಭೀಮನಬೀಡಿನ ಹಿರಿಯರೊಬ್ಬರು ಮೆಲ್ಲಗೆ ಬಂದು ಕೇಳಿದರು: "ಟೀಚರಮ್ಮ, ಎಲ್ ಮಡಗವ್ರೆ?"

"ಯಾರನ್ನ?"

"ಅದೇ, ಹಾಸ್ಯದೋರ್ನ."

ನೀವೇ ಹೇಳಿ, ಸಾಲು ಸಾಲು ಕುರ್ಚಿ ತುಂಬುತ್ತಿರುವಾಗ ಯಾರಾದರೂ ತಿದ್ದೋಕೆ ಹೋಗುತ್ತಾರಾ? "ಕೂತಿರಿ, ಈಗ ಬರ್ತಾರೆ" ಅಂದೆ.

ಅವರು ಎರಡು ಹೆಜ್ಜೆ ಹಿಂದೆ ಹೋದರು. "ಬತ್ತಾರಾ?!"

ಹಾಸ್ಯಗಾರರಿಗೆ ಇದೊಂದೂ ಗೊತ್ತಿಲ್ಲ. ಪರದೆ ಸಂದಿಯಲ್ಲಿ ಇಣುಕಿ, "ಅಕ್ಕ, ಹಾರ ತಂದವ್ರೆ! ನಮ್ಮ ಮನೇಲಿ ಕೂಡ ನನ್ ಮೇಲೆ ಇಷ್ಟು ಅಭಿಮಾನ ಇಲ್ಲ" ಅಂತ ಕಣ್ಣು ಒರೆಸಿಕೊಂಡು ಸ್ಟೇಜಿಗೆ ನುಗ್ಗಿದರು. ಮುಂದಿನ ಸಾಲಿನ ಹೆಂಗಸು, "ಅಯ್ಯೋ ಶಿವ್ನೇ, ಎದ್ಬಂದವ್ನೆ!" ಅಂತ ಕಿರುಚಿದಳು. ಅಲ್ಲಿಂದ ಶುರುವಾದ ನಗು ನಿಲ್ಲಲೇ ಇಲ್ಲ. ವಿಷಯ ಗೊತ್ತಾದ ಮೇಲೆ ಹಾಸ್ಯಗಾರರು ತಮ್ಮ ಜೋಕುಗಳನ್ನೆಲ್ಲ ಬದಿಗಿಟ್ಟು ತಮ್ಮ ಸಾವಿನ ಬಗ್ಗೆಯೇ ಮಾತಾಡಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಗೆ ಆ ಹಿರಿಯರು ಸ್ಟೇಜ್ ಹತ್ತಿ, "ತಂದಿದ್ದು ತಂದಾಯ್ತು" ಅಂತ ಹಾರ ಹಾಕಿ, ಬೆನ್ನು ತಟ್ಟಿ ಹೇಳಿದರು: "ನೀವ್ ನಿಜ್ವಾಗ್ ಓದಾಗ ಮತ್ತೆ ಟೆಂಪೋ ಮಾಡ್ಕಂಡ್ ಬರಕ್ಕಾಗಲ್ಲ ಸಾಮಿ. ಇದನ್ನೇ ಅದಕ್ಕೆ ಜಮಾ ಮಾಡ್ಕಳಿ."

ಮೂಟೆ ಎಲ್ಲಿ ಇಳಿಸೋದು

ಹಾಲ್ ತುಂಬಿತ್ತು. ನಾನು ಗೆದ್ದೆ ಅಂದುಕೊಂಡೆ. ಯಜಮಾನರು ತಾಯಿಯನ್ನು ಕರೆದುಕೊಂಡು ಬಂದಿದ್ದರು. ಮಾದಪ್ಪನ ಕತೆ ಅಂದರೆ ಆ ಅಮ್ಮನಿಗೆ ಪ್ರಾಣ. ತಾಯಿಗೆ ಮುಂದೆ ಕುರ್ಚಿ ಸಿಕ್ಕಿತು, ಮಗ ಗೋಡೆಗೊರಗಿ ನಿಂತರು.

"ಏನ್ ಯಜಮಾನ್ರೇ, ತುಂಬಿತಲ್ಲ?" ಅಂದೆ.

"ಇದ ಒಪ್ಪಲ್ಲ ಕಣಮ್ಮ. ಇವ್ರು ಸಾವಿಗ್ ಬಂದವ್ರು, ಆಟಕ್ ಬಂದವ್ರಲ್ಲ. ನಂ ಅರಿಶಿನಾನೇ ವಾಸಿ."

ನನಗೆ ಆ ಗಳಿಗೆಯಲ್ಲಿ ನಿಜವಾಗಿ ಅಳು ಬಂದಿತ್ತು. ಇಷ್ಟೆಲ್ಲ ಮಾಡಿ, ತುಂಬಿದ ಹಾಲ್ ತೋರಿಸಿ, ಸೋತೆನಲ್ಲ ಅಂತ.

ಅಷ್ಟರಲ್ಲಿ ಹರವೆಯ ತಾತ ತಂಬೂರಿ ಮೀಟಿದರು. ಒಂದೇ ಗಂಟೆ ಹಾಡಿದರು, ಹಾಲ್ ಉಸಿರು ಬಿಗಿಹಿಡಿದು ಕೇಳಿತು. ಸಾವಿಗೆ ಬಂದವರು ಒಬ್ಬರೂ ಏಳಲಿಲ್ಲ. ಮಂಗಳಕ್ಕೆ ಮೊದಲು, ಕತೆ ಮಾಡಿಸಿದ ಮನೆಯವರನ್ನು ಹರಸುವುದು ಅವರ ಪದ್ಧತಿ. ಸ್ಟೇಜ್ ಮೇಲಿಂದಲೇ ಕೇಳಿದರು: "ಈ ಮನೆ ಒಡೆಯ ಯಾರವ್ವಾ?"

ನಾನು ಸುಳ್ಳು ಹೇಳುವವಳಲ್ಲ. ಮನೆಯ ಒಡೆಯರು ಯಾರೋ ಅವರ ಕಡೆ ಕೈ ತೋರಿಸಿದೆ.

ತಾತ ಶುರು ಮಾಡಿದರು ನೋಡಿ! ಮಾದಪ್ಪನಿಗೆ ಮನೆ ಬಿಟ್ಟುಕೊಟ್ಟ ಪುಣ್ಯವಂತ, ಒಂದೊಕ್ಕಲು ನೂರೊಕ್ಕಲಾಗಿ ಬಾಳಲಿ, ಸೂರ್ಯ ಚಂದ್ರ ಇರೋವರೆಗೂ ಈ ಮನೆಯಲ್ಲಿ ಕತೆ ನಿಲ್ಲದಿರಲಿ ಅಂತ ಯಜಮಾನರನ್ನು ಮುಗಿಲಿಗೇರಿಸಿದರು. ಹಾಲಿಗೆ ಹಾಲೇ "ಉಘೇ ಮಾದಪ್ಪ!" ಅಂತು. ಅವರ ತಾಯಿ ಎದ್ದು ನಿಂತು ತಿರುಗಿ, ಮಗನಿಗೇ ಕೈ ಮುಗಿದು, "ನನ್ ಒಟ್ಟೆ ತಣ್ಣಗಾಯ್ತು ಕಣ್ಲಾ" ಅಂತ ಅತ್ತುಬಿಟ್ಟರು. ಯಜಮಾನರು ನಗೋಕೂ ಆಗದೆ ಬೈಯೋಕೂ ಆಗದೆ ಕೈ ಜೋಡಿಸಿಕೊಂಡು ನಿಂತರು.

ಸರಿಯಾಗಿ ಆಗಲೇ ಬಾಗಿಲು ತಳ್ಳಿಕೊಂಡು ಒಬ್ಬ ಲಾರಿ ಡ್ರೈವರ್ ಬಂದ, ಈರೋಡಿನ ಕಡೆಯವನು, ಸಾಹುಕಾರರನ್ನು ಮೊದಲಾಳಿ ಅನ್ನುವ ಅರ್ಧ ತಮಿಳಿನವನು. ಹಾಲ್ ತುಂಬುವುದಿಲ್ಲ ಅನ್ನೋ ಧೈರ್ಯದಲ್ಲಿ ಯಜಮಾನರು ಅವತ್ತು ಸಂಜೆಗೇ ಲೋಡ್ ತರಿಸಿದ್ದರು! ಅವನು ಅಷ್ಟು ಜನದ ನಡುವೆ ಗಂಟಲು ಬಿಟ್ಟು, "ಮೊದಲಾಳಿ, ಅರಿಶಿನ ಮೂಟೆ ಬಂದಾಚು. ಈ ಹಾಲ್‌ನಲ್ಲೇ ತಾನೇ ಇಳಿಸೋದು?" ಅಂದ.

ತಂಬೂರಿ ನಿಂತಿತು. ನೂರಾರು ಕಣ್ಣು ಯಜಮಾನರ ಮೇಲೆ.

"ಯಾವ್ ಮೂಟೆಲಾ ಮಗ?" ಅಂದರು ತಾಯಿ.

ಯಜಮಾನರು ಡ್ರೈವರನ್ನು ನೋಡಿದರು, ತಾತನನ್ನು ನೋಡಿದರು, ನನ್ನನ್ನು ನುಂಗುವ ಹಾಗೆ ನೋಡಿದರು. "ಇಲ್ಲಿ ಯಾವನಯ್ಯ ಇಳಿಸ್ತಾನೆ? ಇದು ಮಾದಪ್ಪನ ಜಾಗ! ಓಗು... ಓಗಿ ನಮ್ಮನೆ ಪಡಸಾಲೇಲಿ ಇಳ್ಸು!"

"ಉಘೇ ಮಾದಪ್ಪ!" ಅಂತು ಹಾಲ್.

ಇಳಿಸಿಯೇಬಿಟ್ಟ. ಅವರ ಮನೆಯಲ್ಲಿ ಈಗ ಸೋಫಾ ಕಾಣುವುದಿಲ್ಲ, ಟಿವಿ ಮೂಟೆಗಳ ಹಿಂದೆ ಸೇರಿಕೊಂಡಿದೆ, ಯಜಮಾನಿಯವರು ಮಾತು ಬಿಟ್ಟಿದ್ದಾರಂತೆ. ಮೊನ್ನೆ ಶನಿವಾರ ಮೂರು ಗಂಟೆಗೆ ಬೀಗ ತೆಗೆಯೋಕೆ ಹೋದರೆ ಯಜಮಾನರು ಆಗಲೇ ಮೆಟ್ಟಿಲ ಮೇಲೆ ಕೂತಿದ್ದಾರೆ.

"ಏನ್ ಯಜಮಾನ್ರೇ ಇಷ್ಟು ಬೇಗ? ಆಟ ಐದೂವರೆಗಲ್ವಾ?" ಅಂದೆ.

ಸೀದಾ ಒಳಗೆ ಹೋಗಿ ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತು ಹೇಳಿದರು: "ಮನೇಲಿ ನನ್ ಜಾಗದಲ್ಲಿ ಅರಿಶಿನ ಕೂತದೆ ಕಣಮ್ಮ. ಫ್ಯಾನ್ ಆಕಿ."