ಶೇಂಗಾ ಎಣ್ಣೆ ಕುಡಿದ ದೋಣಿ

ಕೆಲವರಿಗೆ ಕಾಲು ನಿಲ್ಲುವುದಿಲ್ಲ, ಕೆಲವರಿಗೆ ನಾಲಿಗೆ ನಿಲ್ಲುವುದಿಲ್ಲ. ನನಗೆ ಕೈ ನಿಲ್ಲುವುದಿಲ್ಲ. ಅದರಲ್ಲೂ ಎಲ್ಲಾದರೂ ಒಂದು ಸಂದು ಕಂಡುಬಿಟ್ಟರೆ, ಅದನ್ನು ಮುಚ್ಚುವ ತನಕ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಚಳ್ಳಕೆರೆಯ ನಮ್ಮ ಬಾಡಿಗೆ ಮನೆಯ ಕಿಟಕಿಯಲ್ಲಿ ಗಾಳಿ ಬರುತ್ತದೆಂದು ನಾನು ಪೇಪರ್ ತುರುಕಿ ತುರುಕಿ, ಕೊನೆಗೆ ಬೇಸಿಗೆಯಲ್ಲಿ ಆ ಕಿಟಕಿ ತೆಗೆಯಲು ಬಡಗಿಯನ್ನು ಕರೆಸಬೇಕಾಯಿತು. ನನ್ನ ಹೆಂಡತಿ ಸರೋಜ ಆವತ್ತಿನಿಂದ ಹಿಟ್ಟಿನ ಜರಡಿಯನ್ನು ನನ್ನ ಕಣ್ಣಿಗೆ ಬೀಳದಂತೆ ಬೀರುವಿನ ಹಿಂದೆ ಇಡುತ್ತಾಳೆ. "ಅದರಾಗೂ ತೂತು ಅದಾವೆ ಅಂತ ಮೇಣ ಮೆತ್ತಿಬಿಟ್ಟೀರಿ, ನಂಗೆ ಭಯ ಕಣ್ರೀ" ಎನ್ನುತ್ತಾಳೆ. ಹತ್ತನೇ ತರಗತಿಯನ್ನು ಮೀಸೆ ನರೆಯುವ ವಯಸ್ಸಿನಲ್ಲಿ ಪಾಸು ಮಾಡಿದವನು ನಾನು. ಆಗಲೂ ಮೇಷ್ಟರು ಹೇಳುತ್ತಿದ್ದದ್ದು ಒಂದೇ: "ಓಬಳೇಶಪ್ಪ, ಉತ್ತರ ಬರೆದಾದ ಮೇಲೆ ಪೇಪರಿನಾಗೆ ಜಾಗ ಬಿಟ್ಟರೆ ತಪ್ಪಲ್ಲ." ಈ ಪ್ರಬಂಧವನ್ನೂ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವೆ ಎದ್ದು ಹೋಗಿ ನಲ್ಲಿ ಸೋರುತ್ತಿದೆಯೇ ಎಂದು ನೋಡಿ ಬರುತ್ತೇನೆ.

ಇಂಥವನ ಕೈಗೆ ಒಂದು ಹಳೆಯ ಮರದ ದೋಣಿ ಸಿಕ್ಕಿತು.

ನಮ್ಮ ಸೀಮೆಯಲ್ಲಿ ದೋಣಿ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಎಲ್ಲಿ ತೇಲಿಸುತ್ತೀರಿ ಎಂದು ಕೇಳುತ್ತಾರೆ. ಆದರೆ ಕೊಂಡ್ಲಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆಯ ಹಿಂದೆ, ತಾತ ಮಾಡಿಸಿದ್ದ ಹಲಗೆ ದೋಣಿಯೊಂದು ಮಗುಚಿ ಬಿದ್ದಿತ್ತು. ಅದರ ಕೆಳಗೆ ಕೋಳಿಗಳು ಸಂಸಾರ ಮಾಡುತ್ತಿದ್ದವು, ಮೇಲೆ ಅವ್ವ ಹುಣಸೆಹಣ್ಣು ಒಣಗಿಸುತ್ತಿದ್ದಳು. ಊರ ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತದ್ದುಂಟು. ತುಂಬಿ ಕೋಡಿ ಬಿದ್ದದ್ದು ಮಾತ್ರ ಅವ್ವ ಹೊಸ ಸೊಸೆಯಾಗಿ ಬಂದ ವರ್ಷ. ಆವತ್ತು ನನ್ನ ಅಜ್ಜಿ ಇದೇ ದೋಣಿಯಲ್ಲಿ ಕುಳಿತು ನಡುಗೆರೆಗೆ ಹೋಗಿ ಗಂಗಮ್ಮನಿಗೆ ಬಾಗಿನ ಬಿಟ್ಟಿದ್ದಳಂತೆ. ಏರಿಯ ಮೇಲೆ ನಿಂತು ಬಾಯಿ ಬಿಟ್ಟು ನೋಡುತ್ತಿದ್ದ ಸೊಸೆಗೆ, "ಮುಂದ್ಲ ಸಲ ನೀನು ಕೂತ್ಕಳುವಂತೆ ಬಿಡವ್ವ" ಎಂದಿದ್ದಳಂತೆ. ಅಜ್ಜಿ ಹೋದಳು. ದೋಣಿಗೆ ಕೋಳಿಗಳು ಬಂದವು. ಮುಂದಿನ ಸಲ ಮಾತ್ರ ಬರಲೇ ಇಲ್ಲ.

ಈ ಸಲ ಬಂತು. ಕೆರೆ ಕೋಡಿ ಬಿತ್ತು. ಶುಕ್ರವಾರ ಬಾಗಿನ ಎಂದು ಗುಡಿ ಕಟ್ಟೆಯ ಮೇಲೆ ತೀರ್ಮಾನವಾಯಿತು. ಬಾಗಿನ ನಡುಗೆರೆಗೆ ಹೋಗುವುದು ಹೇಗೆ ಎಂಬ ಮಾತು ಬಂದಾಗ ನನ್ನ ಓರಗೆಯ ತಿಪ್ಪೇಸ್ವಾಮಿ ಎದ್ದು, "ನಮ್ದು ಟ್ರ್ಯಾಕ್ಟರ್ ಟ್ಯೂಬ್ ಐತೆ. ಮ್ಯಾಲೊಂದು ಹಲಗೆ ಕಟ್ಟಿ ನಮ್ ಹೆಂಗಸರನ್ನ ಕೂರಿಸಿದ್ರೆ ಆತು" ಎಂದ. ಜನ ತಲೆದೂಗಿದರು. ರಜೆಗೆ ಬಂದಿದ್ದ ನಾನು ಅವ್ವನ ಕಡೆ ನೋಡಿದೆ. ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. "ದೋಣಿ ನಮ್ಮನೇಲೈತೆ, ಬಾಗಿನ ನಮ್ಮವ್ವ ಬಿಡ್ತಾಳೆ" ಎಂದೆ. "ಲೇ ಓಬಳೇಶಿ, ಅದು ದೋಣಿ ಅಲ್ಲ ಕಣಲೇ, ಕೋಳಿಗೂಡು" ಎಂದ ತಿಪ್ಪೇಸ್ವಾಮಿ. ಕಟ್ಟೆಯೆಲ್ಲ ನಕ್ಕಿತು. ಹಿರಿಯರು ಮಾತ್ರ, "ಬುಧವಾರ ನೀರಿಗಿಳಿಸಿ ತೋರ್ಸು. ತೇಲಿದ್ರೆ ನಿಮ್ಮವ್ವ, ಮುಳುಗಿದ್ರೆ ಟ್ಯೂಬು" ಎಂದು ಎದ್ದುಬಿಟ್ಟರು.

ಕೋಳಿಗಳನ್ನು ಖಾಲಿ ಮಾಡಿಸಿ ದೋಣಿಯನ್ನು ಪಕ್ಕಕ್ಕೆ ವಾಲಿಸಿ ಬೆಳಕಿಗೆ ಒಡ್ಡಿ ನೋಡಿದೆ. ಹಲಗೆ ಹಲಗೆಯ ನಡುವೆ ಬಿಸಿಲು ಸಲೀಸಾಗಿ ಓಡಾಡುತ್ತಿತ್ತು. ಬೇರೆಯವರಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಹಬ್ಬದೂಟದ ಎಲೆ ಕಂಡಂತಾಯಿತು. ಇಷ್ಟು ಸಂದುಗಳು, ಎಲ್ಲವೂ ನನ್ನವೇ!

ಸಂದು ತುಂಬುವ ವಿದ್ಯೆಯನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಸಮುದ್ರದ ಕಡೆಯ ಒಬ್ಬ ಮುದುಕ ತೆಂಗಿನ ನಾರನ್ನು ಹಗ್ಗದಂತೆ ಹೊಸೆದು, ಮೊಂಡು ಉಳಿಯಿಟ್ಟು, ಕೊಡತಿಯಿಂದ ಟಕ ಟಕ ಎಂದು ಸಂದಿಗೆ ಜಡಿಯುತ್ತಿದ್ದ. ಮೇಲೆ ರಾಳದ ಪುಡಿಗೆ ಎಣ್ಣೆ ಹಾಕಿ ಕಲಸಿ ಬಳಿಯುತ್ತಿದ್ದ. ಅವನ ಭಾಷೆ ನನಗೆ ಬಾರದು. ನಾರು, ರಾಳ, ಎಣ್ಣೆ, ಇಷ್ಟು ಕಣ್ಣಿಗೆ ಕಂಡಿತು, ಸಾಕೆಂದುಕೊಂಡೆ. ತೆಂಗಿನ ನಾರು ಹುಡುಕುವಷ್ಟು ತಾಳ್ಮೆ ನನಗೆಲ್ಲಿ? ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಅಲ್ಲಿ ನನ್ನ ಗೆಳೆಯ ರಾಮಾಂಜನಪ್ಪ ರೇಷ್ಮೆ ಸೀರೆ ನೇಯುತ್ತಾನೆ. ಮಗ್ಗದಲ್ಲಿ ಕತ್ತರಿಸಿ ಬಿಸಾಡಿದ ದಾರದ ತುಂಡುಗಳು ಅವನ ಮನೆಯಲ್ಲಿ ಚೀಲದ ತುಂಬ ಇರುತ್ತವೆ.

"ಏಮಪ್ಪಾ, ರೇಷ್ಮೆ ತಗೊಂಡೋಗಿ ಹಲಗೆ ಸಂದಿಗೆ ತುರುಕ್ತೀಯಾ?" ಎಂದ ಅವನು ತನ್ನ ತೆಲುಗು ಬೆರೆತ ಮಾತಿನಲ್ಲಿ, ಮಗ್ಗದ ಲಾಳಿ ನಿಲ್ಲಿಸಿ.

"ಗಂಗಮ್ಮನ ಸೇವೆಗೆ ಕಣೋ."

"ಅಟ್ಲಾ? ಹಂಗಾರೆ ತಗೊಂಡೋಗು. ನನ್ ರೇಷ್ಮೆ ಮದುವೆ ಮನೇಗೆ ಹೋಗೈತೆ, ಬೀರುವಿಗೆ ಹೋಗೈತೆ. ಕೆರೆಗೊಂದು ಹೋಗಿರಲಿಲ್ಲ."

ಎಣ್ಣೆಯ ವಿಷಯದಲ್ಲಿ ನಾನು ಯೋಚನೆಯನ್ನೇ ಮಾಡಲಿಲ್ಲ. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ಚಳ್ಳಕೆರೆಯವನಿಗೆ ಎಣ್ಣೆ ಎಂದರೆ ಶೇಂಗಾ ಎಣ್ಣೆ. ಬೇರೆ ಎಣ್ಣೆಗಳು ಇವೆ ಎಂಬುದನ್ನು ನಾವು ಒಪ್ಪುವುದು ತಲೆಗೆ ಹಚ್ಚಿಕೊಳ್ಳುವಾಗ ಮಾತ್ರ. ಮಿಲ್ಲಿನಿಂದ ಒಂದು ಡಬ್ಬ ತಂದು ರಾಳಕ್ಕೆ ಸುರಿದು ಕಲಸಿದೆ. ಕೆಂಪು, ಹಸಿರು, ನವಿಲುಗರಿ ಬಣ್ಣದ ರೇಷ್ಮೆಯನ್ನು ಹೊಸೆದು, ಸಂದು ಸಂದಿಗೂ ಜಡಿದೆ. ಇನ್ನು ಹಿಡಿಯುವುದಿಲ್ಲ ಎಂದು ಉಳಿ ಹೇಳಿದರೂ ಬಿಡದೆ ಇನ್ನೊಂದು ಎಳೆ ತುರುಕಿದೆ. ಜಗಲಿಯ ಮೇಲೆ ಕೂತಿದ್ದ ಅಪ್ಪ, "ಸಾಕು ಬಿಡಲೇ, ಹಲಗೆ ಉಸಿರು ಕಟ್ಟಿ ಸಾಯ್ತಾವೆ" ಎಂದ. ಅಪ್ಪನಿಗೆ ಕೆಲಸದ ಅಚ್ಚುಕಟ್ಟು ತಿಳಿಯದು ಎಂದುಕೊಂಡೆ.

ಮಾರನೆಯ ದಿನ ಮುಟ್ಟಿ ನೋಡಿದರೆ ಮೆತ್ತಿದ್ದು ಒಣಗಿರಲಿಲ್ಲ. ಅದರ ಮರುದಿನವೂ ಇಲ್ಲ. ಶೇಂಗಾ ಎಣ್ಣೆ ಎಂದಾದರೂ ಒಣಗುತ್ತದೆಯೇ? ಹಂಚಿನ ಮೇಲೆ ವರ್ಷಗಟ್ಟಲೆ ಇದ್ದರೂ ಅದು ಎಣ್ಣೆಯೇ. ಇದು ನನಗೆ ಹೊಳೆಯುವಷ್ಟರಲ್ಲಿ ಇರುವೆಗಳಿಗೆ ಹೊಳೆದಿತ್ತು. ಗೋಡೆಯಿಂದ ದೋಣಿಯವರೆಗೆ ಸಾಲು ಕಟ್ಟಿ ಬಂದವು. ಅವನ್ನು ಓಡಿಸುತ್ತಾ ಒಂದು ಕಡೆ ನಿಂತರೆ ಇನ್ನೊಂದು ಕಡೆ ಪಕ್ಕದ ಮನೆಯ ಮೇಕೆ ನೆಕ್ಕುತ್ತಿತ್ತು. ಮೇಕೆಯನ್ನು ಅಟ್ಟಿದರೆ ಹಳೆಯ ಬಾಡಿಗೆದಾರರಾದ ಕೋಳಿಗಳು ಇರುವೆ ತಿನ್ನಲು ವಾಪಸು ಬಂದವು. ಆ ಎರಡು ದಿನ ನಾನು ದೋಣಿಯ ಸುತ್ತ ನಡೆದ ನಡಿಗೆಯಲ್ಲಿ ಚಳ್ಳಕೆರೆಗೆ ಹೋಗಿ ಬರಬಹುದಿತ್ತು.

ಬುಧವಾರ ದೋಣಿಯನ್ನು ಕೆರೆಗೆ ಒಯ್ಯಲು ಊರಲ್ಲಿ ಸಿಕ್ಕಿದ್ದು ತಿಪ್ಪೇಸ್ವಾಮಿಯ ಟ್ರ್ಯಾಕ್ಟರ್ ಒಂದೇ. ಅವನು ಸಂತೋಷದಿಂದ ಬಂದ. ಮುಳುಗುವುದನ್ನು ಹತ್ತಿರದಿಂದ ನೋಡಬೇಕಿತ್ತಲ್ಲ! ನೀರಿಗೆ ತಳ್ಳಿದೆವು. ಒಂದು ಗಳಿಗೆ ತೇಲಿತು. ನಾನು ಕೈ ಮುಗಿಯುವಷ್ಟರಲ್ಲಿ ಮೇಕೆ ನೆಕ್ಕಿದ ಕಡೆಯೆಲ್ಲ ನೀರು ಚಿಮ್ಮಿತು. ಸುತ್ತ ಎಣ್ಣೆ ಹರಡಿ ಕಾಮನಬಿಲ್ಲು ಮೂಡಿತು. ಸೊಂಟದ ಮಟ್ಟದ ನೀರಿನಲ್ಲಿ ದೋಣಿ ಕುಕ್ಕರಗಾಲಲ್ಲಿ ಕೂತಂತೆ ತಳ ಮುಟ್ಟಿತು.

"ಮೀನಿಗೆ ಒಗ್ಗರಣೆ ಹಾಕ್ದೆ ಕಣಲೇ" ಎಂದ ತಿಪ್ಪೇಸ್ವಾಮಿ. ಹಿರಿಯರು ಅವ್ವನ ಮುಖ ನೋಡಲಾಗದೆ, "ನಾಳಿದ್ದು ಬೆಳಿಗ್ಗೆವರ್ಗೂ ನೋಡಾಣ" ಎಂದು ಹೊರಟುಹೋದರು.

ನಾನು ಹಗ್ಗ ಹಾಕಿ ಎಳೆಯಲು ನೀರಿಗಿಳಿದೆ. ತಕ್ಷಣ ಹೊರಗೆ ತಂದು, ರೇಷ್ಮೆಯೆಲ್ಲ ಕಿತ್ತು, ಮತ್ತೆ ಹೊಸದಾಗಿ ತುಂಬಬೇಕು ಎಂದು ಕೈ ತುರಿಸುತ್ತಿತ್ತು. ಏರಿಯ ಮೇಲಿಂದ ಅವ್ವ ಕೂಗಿದಳು.

"ಎಳೀಬ್ಯಾಡ ಕಣಪ್ಪ. ಅದು ನೀರು ಕಂಡು ಎಷ್ಟು ಕಾಲ ಆಗೈತೋ. ಬಾಯಾರೈತೆ. ಕುಡೀಲಿ ಬಿಡು."

"ಅವ್ವ, ಅದು ಕುಡೀಬಾರ್ದು ಅಂತಲೇ ಅಲ್ವಾ ನಾನು ಇಷ್ಟು ದಿನ ಒದ್ದಾಡಿದ್ದು!"

"ಕುಡೀಲಿ ಅಂದ್ನಲ್ಲ. ಮೇಲಕ್ಕೆ ಬಾ."

ಸಂದು ತುಂಬುವುದು ಕೆಲಸವೇ ಅಲ್ಲ. ಸಂದನ್ನು ನೋಡುತ್ತಾ ಸುಮ್ಮನಿರುವುದು ಕೆಲಸ. ಗುರುವಾರವಿಡೀ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಚಪ್ಪಲಿ ಮೆಟ್ಟುವುದು, ಕೆರೆಯ ದಾರಿ ಹಿಡಿಯುವುದು, ಅವ್ವ ಹಿಂದಿನಿಂದ "ಎಲ್ಲೀಗೆ?" ಎನ್ನುವುದು, ನಾನು "ಬೀಡಿಗೆ" ಎನ್ನುವುದು. ನಾನು ಬೀಡಿ ಸೇದುವುದಿಲ್ಲ. ಕೊನೆಗೆ ಅವ್ವ ಒಂದು ಮೂಟೆ ಶೇಂಗಾಕಾಯಿ ಮುಂದೆ ಸುರಿದು ಸುಲಿ ಎಂದಳು. ಸುಲಿದೆ. ಸುಲಿದದ್ದರಲ್ಲಿ ಅರ್ಧ ತಿಂದೆ. ಹೊಟ್ಟೆ ಕೆಟ್ಟು ಸಂಜೆಯೆಲ್ಲ ಬೇರೆ ದಿಕ್ಕಿಗೆ ಓಡಾಡಿದೆ. ದೋಣಿ ಹೀಗೆ ನೆಮ್ಮದಿಯಾಗಿ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಊರಿನವರು ಸೇರಿ, ಅಂಚು ನೀರಿನ ಮೇಲೆ ಬರುವಷ್ಟು ದೋಣಿಯನ್ನು ದಡದ ಕಡೆ ಎಳೆದು, ಕೊಡಗಳಲ್ಲಿ ನೀರು ತೋಡಿದರು. ತೋಡಿದಷ್ಟೂ ಒಳಗೆ ಬರುತ್ತದೆ ಎಂದು ತಿಪ್ಪೇಸ್ವಾಮಿ ಟ್ಯೂಬಿಗೆ ಗಾಳಿ ತುಂಬಿಸಿಕೊಂಡೇ ಬಂದಿದ್ದ. ನೀರು ಬರಲಿಲ್ಲ. ಹಲಗೆಗಳು ನೀರು ಕುಡಿದು ಉಬ್ಬಿ, ಒಂದರ ಪಕ್ಕೆಗೊಂದು ಒತ್ತಿಕೊಂಡು ಕೂತಿದ್ದವು. ನಾನು ಜಡಿದಿದ್ದ ರೇಷ್ಮೆಯಲ್ಲಿ ಹೆಚ್ಚಿನದನ್ನು ಅವು ಹಿಂಡಿ ಆಚೆಗೆ ದಬ್ಬಿದ್ದವು. ದೋಣಿಯ ಸುತ್ತ ಕೆಂಪು, ಹಸಿರು ಕುಚ್ಚುಗಳು ಜೋತಾಡುತ್ತಿದ್ದವು. "ಸೀಮಂತದ ಸೀರೆ ಉಟ್ಟಂಗೈತಲ್ಲೇ!" ಎಂದು ಹೆಂಗಸರು ಬೆರಗಾದರು. ಹಿರಿಯರು ನನ್ನ ಬೆನ್ನು ತಟ್ಟಿ, "ಅಲಂಕಾರಾನೂ ಮಾಡಿದೀಯಲ್ಲಪ್ಪ, ಭೇಷ್" ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಊರಿನಲ್ಲಿ ಹುಟ್ಟು ಹಾಕಲು ಬರುವುದು, ಡ್ಯಾಮಿನ ಕಡೆ ಕೂಲಿಗೆ ಹೋಗಿದ್ದಾಗ ಕಲಿತಿದ್ದ ತಿಪ್ಪೇಸ್ವಾಮಿಯೊಬ್ಬನಿಗೇ. ಅವನು ಟ್ಯೂಬನ್ನು ದಡಕ್ಕೆಸೆದು, "ಬಾರವ್ವ, ಕೂತ್ಕ" ಎಂದು ನಮ್ಮವ್ವನ ಕೈ ಹಿಡಿದು ಹತ್ತಿಸಿದ. ಅವ್ವ ಮೊರದ ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ದೋಣಿ ನಡುಗೆರೆಗೆ ಹೋಗಿ ನಿಂತಿತು. ಪೂಜಾರಪ್ಪ ದಡದಿಂದ ಗಂಟೆ ಬಾರಿಸಿದ. ಅವ್ವ ಬಾಗಿನ ಬಿಡಲಿಲ್ಲ. ಮತ್ತೆ ಬಾರಿಸಿದ. ಅವಳು ಒಂದು ಕೈಯನ್ನು ನೀರಿಗೆ ಇಳಿಬಿಟ್ಟು ಸುಮ್ಮನೆ ಕೂತಿದ್ದಳು. ಏರಿಯ ಮೇಲೆ ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಾ, "ಬಿಡವ್ವಾ! ಬಿಡೇ!" ಎಂದು ಕೂಗಿದೆ. ಅವಳು ಈ ಕಡೆ ತಿರುಗಲೇ ಇಲ್ಲ. ತನಗೆ ಬೇಕೆನಿಸಿದಾಗ ಮೊರವನ್ನು ನೀರಿನ ಮೇಲಿಟ್ಟು ಮೆಲ್ಲಗೆ ತಳ್ಳಿದಳು.

ದಡಕ್ಕೆ ಬಂದ ಮೇಲೆ ಕೇಳಿದೆ: "ಅಷ್ಟೊತ್ತು ಏನ್ ಮಾಡ್ತಿದ್ದೆ ಅವ್ವ?"

"ಏನಿಲ್ಲ ಕಣಪ್ಪ. ಸುಮ್ನೆ ಕೂತಿದ್ದೆ." ಒದ್ದೆ ಕೈಯನ್ನು ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ಅವಳು ಮನೆಯ ಕಡೆ ನಡೆದಳು. ಅವಳ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸುಮ್ಮನೆ ಕೂರುವುದರಲ್ಲಿ ಇಷ್ಟು ಸುಖವಿದ್ದರೆ ನಾನೂ ಒಮ್ಮೆ ಕೂತು ನೋಡಬೇಕು ಎನಿಸಿತು.

ಜನ ಕರಗಿದ ಮೇಲೆ ತಿಪ್ಪೇಸ್ವಾಮಿಗೆ ಹೇಳಿ ದೋಣಿ ಹತ್ತಿದೆ. ನಡುಗೆರೆಗೆ ಬಂದೆವು. ಗಾಳಿ ತಣ್ಣಗಿತ್ತು. ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಅವ್ವ ಕೂತಿದ್ದ ಹಲಗೆಯ ಮೇಲೆಯೇ ಕೂತೆ. ನಿಜಕ್ಕೂ ಹಾಯಾಗಿತ್ತು. ಆಗ ಪಾದದ ಹತ್ತಿರ ಒಂದು ಹಸಿರು ಎಳೆ ಸಂದಿನಿಂದ ಅರ್ಧ ಹೊರಗೆ ಬಂದು ಅಂದಗೆಟ್ಟು ನಿಂತಿರುವುದು ಕಾಣಿಸಿತು. ಕತ್ತರಿಸಿದರೆ ನೀಟಾಗುತ್ತದೆ. ಕತ್ತರಿ ಇರಲಿಲ್ಲ. ಸ್ವಲ್ಪವೇ ಎಳೆದೆ. ಬಂತು. ಇನ್ನೂ ಸ್ವಲ್ಪ ಎಳೆದೆ. ನಾನು ಹೊಸೆದ ದಾರ ಎಷ್ಟು ಉದ್ದ ಎಂದು ನನಗೇ ಹೆಮ್ಮೆಯಾಗುವಷ್ಟು ಬಂತು. ಅದರ ಹಿಂದೆಯೇ, ತಣ್ಣಗೆ, ನೀರೂ ಬಂತು.

ಬೆನ್ನು ತಿರುಗಿಸಿ ಹುಟ್ಟು ಹಾಕುತ್ತಿದ್ದ ತಿಪ್ಪೇಸ್ವಾಮಿ ಕೇಳಿದ: "ಲೇ, ಏನಲೇ ಮಾಡ್ತಿದೀಯಾ ಅಲ್ಲಿ?"

ಆ ಸಂದಿನ ಮೇಲೆ ಹಿಮ್ಮಡಿ ಒತ್ತಿ ಹಿಡಿದು, "ಏನಿಲ್ಲ ಕಣೋ, ಸುಮ್ನೆ ಕೂತಿದೀನಿ" ಎಂದೆ.