ಪಾಲಿಶ್‌ಗಿಂತ ಜಾಸ್ತಿ ನೆಮ್ಮದಿ

ಆ ದಿನ ರಗಳೆ ಶುರುವಾದದ್ದು ಒಂದು ಕೋರೆಹಲ್ಲಿನಿಂದ. ಕಟ್ಟುಹಲ್ಲು ತಯಾರಿಸುವ ಆ ಕಾರ್ಖಾನೆಯಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುವವನನ್ನು ಎಲ್ಲರೂ ಮೇಣದಣ್ಣ ಅನ್ನುತ್ತಿದ್ದರು. ಹನ್ನೊಂದು ವರ್ಷ ಒಂದು ಹಲ್ಲನ್ನೂ ತಪ್ಪಾಗಿ ಇಟ್ಟವನಲ್ಲ. ಇವತ್ತು ಮಾತ್ರ ಮುಂದಿನ ಹಲ್ಲಿರಬೇಕಾದ ಜಾಗದಲ್ಲಿ ಕೋರೆಹಲ್ಲು ಕೂರಿಸಿಬಿಟ್ಟಿದ್ದ.

ಅವನ ಕಣ್ಣು ಕೈಯ ಮೇಲಿರಲಿಲ್ಲ, ಎದುರಿಗೆ ಹಲ್ಲು ಉಜ್ಜಿ ಹೊಳಪು ಕೊಡುತ್ತಿದ್ದ, ಎಲ್ಲರೂ ಪಾಲಿಶ್ ಅನ್ನುತ್ತಿದ್ದವನ ಮೇಲಿತ್ತು. ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ದಿನ. ಅಂದಿನಿಂದ ಪಾಲಿಶ್‌ನ ಕುರ್ಚಿ, ಪಾಲಿಶ್‌ನ ಕೂದಲು, ಎಲ್ಲವೂ ಮೇಣದಣ್ಣನ ಕಣ್ಣಿಗೆ ಚುಚ್ಚುತ್ತಲೇ ಬಂದಿದ್ದವು. ಈಗ ಮೂರು ತಿಂಗಳಿಂದ ಹೊಸದೊಂದು ಸೇರಿಕೊಂಡಿತ್ತು. ಪಾಲಿಶ್ ಯಾವುದೋ ಕೌನ್ಸೆಲರ್ ಹತ್ತಿರ ಹೋಗಿ ಬರುತ್ತಿದ್ದ; ಬಂದವನು ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸದ್ದಿಲ್ಲದೆ, ಹಗುರವಾಗಿ ಓಡಾಡುತ್ತಿದ್ದ.

ಯಜಮಾನರು ಹಲ್ಲಿನ ಸೆಟ್ಟನ್ನು ಬೆಳಕಿಗೆ ಹಿಡಿದರು. "ಇದನ್ನ ಹಾಕ್ಕೊಂಡು ಆ ಅಜ್ಜಿ ನಕ್ಕರೆ ಮೊಮ್ಮಕ್ಕಳು ಮನೆ ಬಿಟ್ಟು ಓಡ್ತವೆ. ಇವತ್ತು ರಜ ತಗೊಳ್ಳಿ. ತಲೆ ಸರಿ ಮಾಡ್ಕೊಂಡು ಬನ್ನಿ."

ಅಚ್ಚು ಎರೆಯುವ ಅಕ್ಕ ಬಾಗಿಲವರೆಗೂ ಬಂದಳು. ಊರವರ ಕಷ್ಟವೆಲ್ಲ ತನ್ನದೇ ಅಂದುಕೊಂಡವಳು. "ನೀನೂ ಒಬ್ಬ ಕೌನ್ಸೆಲರನ್ನ ನೋಡೋ. ಆದ್ರೆ ಸಿಕ್ಕಿದವರ ಹತ್ರ ಹೋಗಬೇಡ. ನಮಗೆ ಒಗ್ಗೋರನ್ನ ಹುಡುಕಬೇಕು. ಮೊದಲು ನಿನಗೇನು ಬೇಕು ಅಂತ ಗೊತ್ತಿರಬೇಕು."

"ಗೊತ್ತು," ಅಂದ ಮೇಣದಣ್ಣ. "ಪಾಲಿಶ್‌ಗಿಂತ ಜಾಸ್ತಿ ನೆಮ್ಮದಿ ಬೇಕು."

ಮೊದಲು ಹೋದದ್ದು ಗೋಡೆ ತುಂಬ ಪ್ರಮಾಣಪತ್ರ ತೂಗುಹಾಕಿದ್ದ ಒಬ್ಬ ದೊಡ್ಡ ಮನುಷ್ಯರ ಬಳಿ. ಪಾಲಿಶ್‌ನ ಕೌನ್ಸೆಲರ್‌ಗೆ ಇಷ್ಟು ಇರಲಾರವು ಎಂದು ಎಣಿಸಿ ಖುಷಿಪಟ್ಟ. ಆದರೆ ಅವರು ತಮ್ಮ ಸೊಸೆಯ ವಿಷಯ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕೊನೆಗೆ ಮೇಣದಣ್ಣನೇ, "ಸ್ವಲ್ಪ ದಿನ ಮಾತಾಡಿಸದೆ ಇದ್ದು ನೋಡಿ ಸರ್," ಎಂದು ಸಲಹೆ ಕೊಟ್ಟು ಎದ್ದು ಬಂದ.

ಎರಡನೆಯವರು ನಾದಿನಿ ಹೇಳಿದವರು. ಅವನನ್ನು ಚಾಪೆಯ ಮೇಲೆ ಮಲಗಿಸಿ, "ಕಣ್ಣು ಮುಚ್ಚಿ. ತಣ್ಣನೆಯ ತೊರೆ ಹರೀತಿದೆ. ಅದರಲ್ಲಿ ಒಬ್ಬರು ಹಾಯಾಗಿ ಕೂತಿದ್ದಾರೆ. ಅವರು ಯಾರು?" ಎಂದರು.

ಮೇಣದಣ್ಣ ಚೆನ್ನಾಗಿ ನೋಡಿದ. "ಪಾಲಿಶ್," ಅಂದ, ಹಲ್ಲು ಕಡಿಯುತ್ತ.

ಮೂರನೆಯವರು ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿದ್ದರು. ಸಣ್ಣ ಕೋಣೆ, ಎರಡು ಕುರ್ಚಿ, ನಡುವಯಸ್ಸಿನ ಒಬ್ಬ ಹೆಂಗಸು. ಅವರು ಕೇಳಿದ್ದು ಇಷ್ಟೇ: "ಇಲ್ಲಿಗೆ ಬಂದಿದ್ದು ಸಾರ್ಥಕ ಅನ್ನಿಸಬೇಕಾದ್ರೆ ನಿಮಗೆ ಏನಾಗಬೇಕು?"

ಅವನು ಪಾಲಿಶ್‌ನ ಹೆಸರೆತ್ತಿದ. ಅವರು ನಗಲಿಲ್ಲ, ಬುದ್ಧಿ ಹೇಳಲಿಲ್ಲ, ಕುತ್ತಿಗೆ ಒಂದಿಷ್ಟು ವಾಲಿಸಿ ಕೇಳಿಸಿಕೊಂಡರು. ಕುರ್ಚಿಯಿಂದ ಕೂದಲವರೆಗೆ ಎಲ್ಲ ಹೇಳಿದ. ಹೆಂಡತಿಗೂ ಹೇಳದ್ದನ್ನು ಹೇಳಿದ: ಪಾಲಿಶ್‌ಗೆ ಜ್ವರ ಬಂದಾಗಲೂ, ಎಲ್ಲರೂ ಅವನನ್ನೇ ವಿಚಾರಿಸುತ್ತಾರಲ್ಲ ಎಂದು ಹೊಟ್ಟೆ ಉರಿದಿತ್ತು. ಒಂದು ಗಂಟೆ ಮುಗಿದಾಗ, ಕಚ್ಚುತ್ತಿದ್ದ ಚಪ್ಪಲಿ ಕಳಚಿದಷ್ಟು ಹಗುರವಾಗಿತ್ತು.

"ನನ್ನ ಹತ್ರ ಒಂದೇ ಜಾಗ ಖಾಲಿ ಇದೆ. ಗುರುವಾರ ಸಂಜೆ ಐದಕ್ಕೆ," ಎಂದರು ಅವರು. "ನಾನು ನಿಮಗೆ ಒಗ್ತೀನಾ ಅಂತ ಯೋಚನೆ ಮಾಡಿ, ಇವತ್ತೇ ಫೋನ್ ಮಾಡಿ ಹೇಳಿ."

ಯೋಚಿಸುವುದೇನೂ ಇರಲಿಲ್ಲ. ಮೆಟ್ಟಿಲಿಳಿಯುತ್ತಲೇ ಫೋನ್ ಮಾಡಬಹುದಿತ್ತು. ಆದರೆ ಪಾಲಿಶ್‌ನ ಮುಖ ಒಮ್ಮೆ ಸಪ್ಪಗಾಗುವುದನ್ನು ನೋಡದೆ ಈ ಸುಖ ಪೂರ್ತಿಯಾಗುವಂತಿರಲಿಲ್ಲ. ನೇರ ಕಾರ್ಖಾನೆಗೆ ನಡೆದ.

"ಕೌನ್ಸೆಲರ್ ಅಂದ್ರೆ ಅವರು ಕಣಪ್ಪ," ಎಂದ, ಪಾಲಿಶ್‌ಗೆ ಕೇಳುವಷ್ಟು ಗಟ್ಟಿಯಾಗಿ. "ಒಂದು ಗಂಟೆ ಕೂತೆ. ಹನ್ನೊಂದು ವರ್ಷದ ಭಾರ ಇಳೀತು. ಬೇರೆಯವರ ಹತ್ರ ಮೂರು ತಿಂಗಳು ಅಲೆದರೂ ಇಷ್ಟಾಗಲ್ಲ."

ಪಾಲಿಶ್ ಯಂತ್ರ ನಿಲ್ಲಿಸಿದ. ಮುಖ ನಿಜವಾಗಿಯೂ ಸಪ್ಪಗಾಗಿತ್ತು. "ಅವರ ನಂಬರ್ ಕೊಡ್ತೀಯಾ ಅಣ್ಣ?"

ಮೇಣದಣ್ಣ ಧಾರಾಳವಾಗಿ ಕೊಟ್ಟ. ಪಾಲಿಶ್ ಹೊರಗೆ ಹೋದ. ಇವನು ಅಕ್ಕನಿಗೆ ಇನ್ನೊಮ್ಮೆ ಮೊದಲಿನಿಂದ ಹೇಳಿದ, ಆಮೇಲೆ ಯಜಮಾನರಿಗೆ. ಎಲ್ಲ ಮುಗಿಸಿ ಫೋನ್ ಮಾಡಿದರೆ, ಅತ್ತಲಿಂದ ಅದೇ ಮೃದು ದನಿ: "ಅಯ್ಯೋ, ಆ ಜಾಗ ಈಗಷ್ಟೇ ತುಂಬಿಹೋಯ್ತು."

ಪಾಲಿಶ್ ಒಳಗೆ ಬಂದ. ಮುಖ ಅರಳಿತ್ತು.

"ನೀನು ಉಪಕಾರ ಮಾಡಿದೆ ಅಣ್ಣ. ನಿನಗೆ ಹೇಗೂ ಒಂದೇ ದಿನಕ್ಕೆ ಗುಣವಾಯ್ತಲ್ಲ. ನನ್ನ ಹಳೇ ಕೌನ್ಸೆಲರ್‌ಗೆ ನನ್ನ ಕಷ್ಟ ಅರ್ಥವೇ ಆಗ್ತಿರಲಿಲ್ಲ. ಇವರಿಗಾದ್ರೆ ನಾನು ವಿವರಿಸೋದೇ ಬೇಕಿಲ್ಲ."

"ಅದೇನಪ್ಪ ಅಂಥ ಕಷ್ಟ ನಿನಗೆ?"

ಪಾಲಿಶ್ ನೆಲ ನೋಡಿದ. "ಬೇಜಾರು ಮಾಡ್ಕೋಬೇಡ. ಒಬ್ಬರು ಹನ್ನೊಂದು ವರ್ಷದಿಂದ ಎದುರಿಗೆ ಕೂತು ನನ್ನನ್ನೇ ನುಂಗೋ ಹಾಗೆ ನೋಡ್ತಾರೆ. ರಾತ್ರಿ ನಿದ್ದೆ ಬರಲ್ಲ. ಮೇಲೆ ಮೇಲೆ ಹಾಯಾಗಿರೋ ಹಾಗೆ ಕಾಣಿಸ್ಕೊಂಡು ಸಾಕಾಗಿದೆ."

ಅಕ್ಕ ಕೈಯಲ್ಲಿದ್ದ ಅಚ್ಚನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಮೇಣದಣ್ಣನ ಕಿವಿ ಕೆಂಪಾದವು. ಕ್ಷಮಿಸು ಅನ್ನಬೇಕು ಅನಿಸಿತು. ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಆ ಹೆಂಗಸು ಗುರುವಾರ ಪಾಲಿಶ್‌ನ ಕಡೆಗೂ ಹಾಗೆಯೇ ಕುತ್ತಿಗೆ ವಾಲಿಸುವುದು ಕಣ್ಣಿಗೆ ಕಟ್ಟಿತು.

"ನನಗೆ ಪೂರ್ತಿ ಒಂದು ಗಂಟೆ ಕೊಟ್ಟರು," ಎಂದ.

"ನನಗೆ ಒಂದೂವರೆ ಗಂಟೆ ಅಂದಿದ್ದಾರೆ ಅಣ್ಣ," ಅಂದ ಪಾಲಿಶ್.